ಓ-ಯು-ಜಿ-ಎಚ್ ಬರುವ ಅತಿ ಉದ್ದದ ಪದ ಯಾವುದು? ಪಂದ್ಯಕ್ಕೆ ಹಪ್ಪಳ ಇದೆ, ತೀರ್ಪು ಕೊಡಿ

ಕಂಬಳಿಕೊಪ್ಪೆ:
ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿಯಿಂದ ಆಗುಂಬೆಗೆ ಹೋಗುವ ದಾರಿಯಲ್ಲಿ ನಮ್ಮ ಮನೆ. ಮೂರು ದಿನದಿಂದ ಬಿಟ್ಟೂಬಿಡದ ಮಳೆ. ಶಾಲೆಗೆ ರಜೆ ಕೊಟ್ಟಿದ್ದಾರೆ. ಮೊನ್ನೆ ರಾತ್ರಿ ಹೋದ ಕರೆಂಟ್ ಇನ್ನೂ ಬಂದಿಲ್ಲ. ಮೈದುನನ ಜೀಪಿನಲ್ಲಿ ಫೋನ್ ಚಾರ್ಜ್ ಮಾಡಿಕೊಂಡು ಇದನ್ನು ಬರೆಯುತ್ತಿದ್ದೇನೆ.

ಮಗಳು 8ನೇ ತರಗತಿ. ಟಿವಿ ಇಲ್ಲ, ಫೋನ್ ಕೊಡುವುದಿಲ್ಲ ಅಂದಿದ್ದಕ್ಕೆ ಒಂದು ಆಟ ಶುರು ಮಾಡಿದಳು. ಒಬ್ಬರು ಇಂಗ್ಲಿಷಿನ ಒಂದಿಷ್ಟು ಅಕ್ಷರಗಳ ಗುಂಪು ಹೇಳಬೇಕು. ಆ ಗುಂಪು ಅದೇ ಸಾಲಿನಲ್ಲಿ ಬರುವ ಪದವನ್ನು ಉಳಿದವರು ಹುಡುಕಬೇಕು. ಯಾರ ಪದ ಉದ್ದವೋ ಅವರು ಗೆದ್ದ ಹಾಗೆ. ಪಂದ್ಯಕ್ಕೆ ಇಟ್ಟಿದ್ದು ಡಬ್ಬಿಯಲ್ಲಿ ಉಳಿದಿರುವ ಕೊನೆಯ 6 ಹಲಸಿನ ಹಪ್ಪಳ. ನಮ್ಮ ಮರದಲ್ಲಿ ಈ ಸಲ ಕಾಯಿ ಕಡಿಮೆ. ಹಾಗಾಗಿ ಇದನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ.

ಮಾವ ಕೊಟ್ಟ ಗುಂಪು ಓ-ಯು-ಜಿ-ಎಚ್. ಮೈದುನ ಬ್ರೇಕ್‌ಥ್ರೂ ಅಂದ. 12 ಅಕ್ಷರ. ನಾನು ಆಫ್ಟರ್‌ಥಾಟ್ ಅಂದೆ. ಅದೂ 12. ಮಗಳು ಬೆರಳು ಮಡಚಿ ಎಣಿಸಿ ಥಾಟ್‌ಲೆಸ್‌ನೆಸ್ ಅಂದಳು. 15! ಎಲ್ಲರೂ ಸುಮ್ಮನಾದೆವು. ಆಗ ಮಾವ ಕವಳದ ಬಾಯಿ ಒರೆಸಿಕೊಂಡು "ಥ್ರೂ ಥಿಕ್ ಅಂಡ್ ಥಿನ್, 19" ಅಂದುಬಿಟ್ಟರು. ಅದು ಒಂದು ಪದ ಅಲ್ಲವಲ್ಲ ಅಂದರೆ, "ಯಾವಾಗಲೂ ಜೊತೆಗೇ ಓಡಾಡುವ ಮಾತು ಒಂದೇ ಮಾತು" ಅಂತ ವಾದ. ಅತ್ತೆ ಒಳಗಿನಿಂದಲೇ, "ಹಾಗಾದರೆ ನಾನು ದಿನಾ ನಿಮಗೆ ಹೇಳುವುದೂ ಒಂದೇ ಪದ" ಅಂದರು.

ಈಗ ನೀವು ಹೇಳಿ. ಪದಗಳ ಜೋಡಣೆ ಲೆಕ್ಕಕ್ಕೆ ಬರುತ್ತದಾ? 15ಕ್ಕಿಂತ ಉದ್ದದ ಒಂಟಿ ಪದ ಇದೆಯಾ? ಮಗಳದ್ದೂ ಒಂದು ಪ್ರಶ್ನೆ ಇದೆ, ಅದಕ್ಕೆ ನನ್ನಲ್ಲಿ ಉತ್ತರವಿಲ್ಲ. ಅಕ್ಷರ ಅವೇ ನಾಲ್ಕು. ಒಂದು ಕಡೆ ಊ, ಒಂದು ಕಡೆ ಓ, ಇನ್ನೊಂದು ಕಡೆ ಫ್. ಯಾಕೆ?

ಗಾಜನೂರು ಗೇಟ್:
ಮಧ್ಯೆ ಜಾಗ ಬಿಟ್ಟರೆ ಅದು ಪದ ಅಲ್ಲ, ಮೆರವಣಿಗೆ. ಹಪ್ಪಳ ಮಗುವಿಗೆ.

ನಾಲ್ಕೆಕರೆ ತೋಟ:
ಅಕ್ಕಾ, ಮಾವನವರ ಕಡೆಗೂ ಒಂದು ಮಾತು ಇರಲಿ. ಇಂಗ್ಲಿಷಿನಲ್ಲಿ ಅಡ್ಡಗೆರೆ ಹಾಕಿ ಸೇರಿಸಿದ ಪದಗಳಿವೆ ಅಲ್ವಾ? ಥ್ರೂ-ಅಂಡ್-ಥ್ರೂ ಅಂತ ಅಡ್ಡಗೆರೆ ಹಾಕಿ ಬರೆದರೆ 17 ಆಗುತ್ತದೆ. ಅದರಲ್ಲಿ ನಿಮ್ಮ ನಾಲ್ಕು ಅಕ್ಷರ ಎರಡು ಸಲ ಬರುತ್ತವೆ. ಮಾವ ಹೇಳಿದ್ದರಲ್ಲಿ ಒಂದೇ ಸಲ. ನನ್ನ ತೀರ್ಪು ಕೇಳಿದರೆ ಅಡ್ಡಗೆರೆ ಇದ್ದರೆ ಅರ್ಧ ಹಪ್ಪಳ.

ಪದಬಂಧ ಪ್ರಿಯ:
ಉದ್ದದ ಪದ ಬೇಕಾ? ಇಂಗ್ಲಿಷ್ ನಿಘಂಟಿನ ಅತಿ ಉದ್ದದ ಪದ 45 ಅಕ್ಷರದ್ದು. ನ್ಯೂಮೋನೋ-ಅಲ್ಟ್ರಾ-ಮೈಕ್ರೋಸ್ಕೋಪಿಕ್-ಸಿಲಿಕೋ-ವಾಲ್ಕೇನೋ-ಕೋನಿಯೋಸಿಸ್. ಬಹಳ ನುಣ್ಣನೆಯ ಕಲ್ಲಿನ ಧೂಳು ಶ್ವಾಸಕೋಶಕ್ಕೆ ಹೋಗಿ ಬರುವ ಕಾಯಿಲೆ. 1935ರಲ್ಲಿ ಅಮೆರಿಕದ ಪದಬಂಧ ಹುಚ್ಚರ ಕೂಟದ ಅಧ್ಯಕ್ಷರು ಬೇಕೆಂದೇ ಕಟ್ಟಿದ ಪದ ಇದು. ಡಾಕ್ಟರುಗಳು ಯಾರೂ ಬಳಸುವುದಿಲ್ಲ. ಸುಮ್ಮನೆ ಸಿಲಿಕೋಸಿಸ್ ಅನ್ನುತ್ತಾರೆ.

ಗಾಜನೂರು ಗೇಟ್:
45 ಅಕ್ಷರದಲ್ಲಿ ಒಂದು ಜಿ ಇಲ್ಲ, ಒಂದು ಎಚ್ ಇಲ್ಲ. ಕೇಳಿದ್ದು ಒಂದು, ನೀವು ತಂದಿದ್ದು ಇನ್ನೊಂದು. ಕೂತುಕೊಳ್ಳಿ ಮಾರಾಯ್ರೆ.

ಹಳೆ ಚಾಕ್‌ಪೀಸ್:
ಹೊಸನಗರ ಕಡೆ 30 ವರ್ಷ ಇಂಗ್ಲಿಷ್ ಪಾಠ ಮಾಡಿದವನು ನಾನು. ಈಗ ಮನೆಯಲ್ಲಿ ಮೊಮ್ಮಗನಿಗೆ ಮಾತ್ರ ಪಾಠ, ಅದೂ ಅವನಿಗೆ ಮನಸ್ಸಿದ್ದರೆ.

15ಕ್ಕಿಂತ ಉದ್ದದ್ದು ಇದೆಯಮ್ಮ. ಅನ್‌ಥಾಟ್‌ಫುಲ್‌ನೆಸ್, 16. ದೊಡ್ಡ ನಿಘಂಟುಗಳಲ್ಲಿ ಸಿಗುತ್ತದೆ. ಆದರೆ ನನ್ನ ಸರ್ವಿಸ್‌ನಲ್ಲಿ ಒಬ್ಬರ ಬಾಯಲ್ಲೂ ಅದನ್ನು ಕೇಳಿಲ್ಲ. ಹಿಂದೆ ಅನ್, ಮುಂದೆ ನೆಸ್ ಅಂಟಿಸುತ್ತಾ ಹೋದರೆ ಗುಡಿಸಲನ್ನೂ ಎರಡು ಅಂಕಣದ ಮನೆ ಮಾಡಬಹುದು. ಮಗು ಹೇಳಿದ 15 ಅಕ್ಷರದ ಪದ ಜನ ನಿಜವಾಗಿ ಆಡುವ ಪದ. ನಾನಾದರೆ ಅದಕ್ಕೇ ಮಾರ್ಕ್ಸ್ ಹಾಕುತ್ತೇನೆ.

ಸ್ಟ್ರೇಟ್‌ಫಾರ್ವರ್ಡ್‌ನೆಸ್ ಅಂತ 19 ಅಕ್ಷರದ್ದು ಒಂದಿದೆ. ಯಾರಾದರೂ ಅದನ್ನು ತರುವ ಮೊದಲೇ ಹೇಳಿಬಿಡುತ್ತೇನೆ. ಅದರಲ್ಲಿ ಜಿ-ಎಚ್ ಇದೆ, ಅದರ ಹಿಂದೆ ಓ-ಯು ಇಲ್ಲ. ನಡೆಯುವುದಿಲ್ಲ.

ಅಡಿಕೆ ಸುಲಿಯುವವ:
ನಾನು ಮೇಷ್ಟ್ರಲ್ಲ, ಸಾಗರದ ಹತ್ತಿರ ತೋಟ ಇದೆ ಅಷ್ಟೆ. ಆದರೆ ಮಗನಿಗೆ ಈ ನಾಲ್ಕು ಅಕ್ಷರ ಕಲಿಸಲು ಹೋಗಿ ನಾನೇ ಕಲಿತೆ. ಅಡಿಕೆಯನ್ನು ಸರಕು, ಬೆಟ್ಟೆ, ರಾಶಿ, ಗೊರಬಲು ಅಂತ ದರ್ಜೆ ನೋಡಿ ಬೇರೆ ಮಾಡಿದ ಹಾಗೆ ಮಾಡಿದೆ. ಹಾಗೆ ಮಾಡಿದ ಮೇಲೆ ಅವನಿಗೂ ತಲೆಗೆ ಹೋಯಿತು.

ಮೊದಲು ಸರಕು. ಆ ನಾಲ್ಕು ಅಕ್ಷರದ ಬಾಲಕ್ಕೆ ಒಂದು ಟಿ ಬಂದರೆ ಕಣ್ಣು ಮುಚ್ಚಿ ಆಟ್ ಅನ್ನಿ. ಥಾಟ್, ಬ್ರಾಟ್, ಬಾಟ್, ಫಾಟ್, ಸಾಟ್. ನೋಡಿ, ಇವೆಲ್ಲ ಹಿಂದೆ ಆಗಿಹೋದ ಕೆಲಸ ಹೇಳುವ ರೂಪಗಳು. ಥಿಂಕ್‌ನಿಂದ ಥಾಟ್, ಬ್ರಿಂಗ್‌ನಿಂದ ಬ್ರಾಟ್, ಬೈನಿಂದ ಬಾಟ್, ಫೈಟ್‌ನಿಂದ ಫಾಟ್, ಸೀಕ್‌ನಿಂದ ಸಾಟ್. ಒಂದೇ ಗೊನೆಯ ಕಾಯಿಗಳು. ಇದರೊಳಗೆ ಸೇರಿಕೊಂಡ ಒಂದು ಕಳ್ಳಕಾಯಿ ಡ್ರೌಟ್, ಅಂದರೆ ಬರ. ಅದನ್ನು ಡ್ರಾಟ್ ಅನ್ನಬಾರದು. ಈ ಮಳೆಯಲ್ಲಿ ಕೂತು ಬರದ ಬಗ್ಗೆ ಬರೆಯುವುದು ನಗು ಬರಿಸುತ್ತದೆ.

ಆಮೇಲೆ ಬೆಟ್ಟೆ. ಇವು ಫ್ ಅನ್ನುವವು. ಟಫ್, ರಫ್, ಇನಫ್. ಇದರಲ್ಲೇ ಸ್ವಲ್ಪ ಬಾಯಿ ಅಗಲ ಮಾಡಿದರೆ ಕಾಫ್ ಮತ್ತು ಟ್ರಾಫ್. ಕಾಫ್ ಅಂದರೆ ಕೆಮ್ಮು. ಟ್ರಾಫ್ ಅಂದರೆ ನಮ್ಮ ಕೊಟ್ಟಿಗೆಯಲ್ಲಿ ದನಕ್ಕೆ ಅಕ್ಕಚ್ಚು ಹಾಕುವ ಬಾನಿ. ಹವಾಮಾನದವರು ಕರಾವಳಿ ಉದ್ದಕ್ಕೂ ಟ್ರಾಫ್ ಇದೆ, ಮಳೆ ಜಾಸ್ತಿ ಅನ್ನುತ್ತಾರಲ್ಲ, ಅದೂ ಇದೇ ಪದ. ಗಾಳಿಯ ಒತ್ತಡ ಬಾನಿಯ ಹಾಗೆ ಉದ್ದಕ್ಕೆ ತಗ್ಗಾಗಿರುತ್ತದೆ. ಮಗನಿಗೆ ಈ ಪದ ಮರೆಯಲೇ ಇಲ್ಲ.

ರಾಶಿ ಅಂದರೆ ಔ ಮತ್ತು ಓ. ಪ್ಲೌ, ಬೌ ಒಂದು ಕಡೆ. ದೋ, ಆಲ್‌ದೋ, ಡೋ ಇನ್ನೊಂದು ಕಡೆ. ಡೋ ಅಂದರೆ ಕಲಸಿದ ಹಿಟ್ಟು.

ಉಳಿದಿದ್ದೆಲ್ಲ ಗೊರಬಲು. ಥ್ರೂ ಒಂದೇ ಒಂದು, ಊ ಅನ್ನುತ್ತದೆ. ಥರ (ಅಂದರೆ ಪೂರ್ತಿಯಾದ), ಬರ (ಅಂದರೆ ಪಟ್ಟಣ) ಅನ್ನುವ ಎರಡು ಇಂಗ್ಲಿಷ್ ಪದ ಕೊನೆಗೆ ಉಸಿರು ಬಿಟ್ಟ ಹಾಗೆ ಮುಗಿಯುತ್ತವೆ. ಹಿಕಪ್ ಅಂದರೆ ಬಿಕ್ಕಳಿಕೆ. ಅದನ್ನು ಪಿ ಹಾಕಿಯೂ ಬರೆಯುತ್ತಾರೆ, ಈ ನಾಲ್ಕು ಅಕ್ಷರ ಹಾಕಿಯೂ ಬರೆಯುತ್ತಾರೆ.

ಮಂಡಿಯಲ್ಲಿ ಗೊರಬಲಿಗೆ ರೇಟ್ ಕಡಿಮೆ. ಆದರೆ ದಿನಾ ಬೇಕಾಗುವುದು ಥ್ರೂ, ಥರ ಇಂಥವೇ. ಅದೊಂದು ಮಾತ್ರ ಅಡಿಕೆ ಲೆಕ್ಕಕ್ಕೆ ಸರಿ ಬರಲಿಲ್ಲ.

ಹಳೆ ಚಾಕ್‌ಪೀಸ್:
ಅಡಿಕೆಯವರೇ, 30 ವರ್ಷ ನಾನು ಇದನ್ನು ಬೋರ್ಡಿನ ಮೇಲೆ ಗೆರೆ ಎಳೆದು ಹೇಳಿದೆ. ಹೀಗೆ ಹೊಳೆಯಲಿಲ್ಲ. ಹಿಕಪ್ ಬಗ್ಗೆ ಒಂದು ಮಾತು ಸೇರಿಸುತ್ತೇನೆ. ಪಿ ಹಾಕಿದ್ದೇ ಹಳೆಯದು. ಬಿಕ್ಕಳಿಕೆಯೂ ಒಂದು ಥರದ ಕೆಮ್ಮು ಇರಬೇಕು ಅಂತ ಯಾರೋ ತಿಳಿದುಕೊಂಡು, ಕಾಫ್‌ನ ಬಾಲವನ್ನು ಇದಕ್ಕೂ ಅಂಟಿಸಿದರು. ಸದ್ದು ಬದಲಾಗಲಿಲ್ಲ, ಬರವಣಿಗೆ ಮಾತ್ರ ಕೆಟ್ಟಿತು.

ಕಂಬಳಿಕೊಪ್ಪೆ:
ಅಣ್ಣಾ, ಮಗಳು ನಿಮ್ಮ ಪಟ್ಟಿಯನ್ನು ನೋಟ್‌ಬುಕ್‌ನಲ್ಲಿ ಬರೆದುಕೊಂಡಳು. ಬರೆದಾದ ಮೇಲೆ ಒಂದು ವಾಕ್ಯ ಕಟ್ಟಿದ್ದಾಳೆ. "ಎ ಪ್ಲೌಮನ್ ವಿತ್ ಎ ರಫ್ ಕಾಫ್ ಥಾಟ್ ದ ಡ್ರೌಟ್ ಟಫ್ ಇನಫ್, ದೋ ಹೀ ಫಾಟ್ ಥ್ರೂ." ಒರಟು ಕೆಮ್ಮಿನ ರೈತನೊಬ್ಬ, ಬರ ಕಷ್ಟವೇ ಅನಿಸಿದರೂ ಹೋರಾಡಿ ದಾಟಿದ ಅಂತ ಅರ್ಥವಂತೆ. ನಾಲ್ಕು ಅಕ್ಷರ 10 ಸಲ ಬಂದಿವೆ. ಸದ್ದು 6 ಬಗೆ.

ಒಂದು ವಿಷಯ ಗಮನಿಸಿದಿರಾ? ನಾನು ಈ ವಾಕ್ಯವನ್ನು ಕನ್ನಡ ಅಕ್ಷರದಲ್ಲಿ ಬರೆದ ತಕ್ಷಣ ಆ ಗುಂಪೇ ಮಾಯ. ಈಗ ಓದುವವರಿಗೆ ಇವುಗಳಿಗೆಲ್ಲ ಏನು ನೆಂಟಸ್ತಿಕೆ ಅಂತಲೇ ಗೊತ್ತಾಗುವುದಿಲ್ಲ.

ಬಸವನಬೀದಿ:
ಅದಕ್ಕೇ ಹೇಳುವುದು, ನಮ್ಮ ಭಾಷೆ ಚಿನ್ನ. ಹೇಳಿದ ಹಾಗೆ ಬರೆಯುತ್ತೇವೆ, ಬರೆದ ಹಾಗೆ ಓದುತ್ತೇವೆ. ಇಂಗ್ಲಿಷ್ ಅನ್ನುವುದು ತಲೆ ಕೆಟ್ಟವರ ಭಾಷೆ. ಸುಮ್ನೆ ಮಕ್ಕಳಿಗೆ ಹಿಂಸೆ.

ಹಳೆ ಚಾಕ್‌ಪೀಸ್:
ಬಸವನಬೀದಿಯವರೇ, ನಿಮಗೆ ಆಮೇಲೆ ಉತ್ತರ ಹೇಳುತ್ತೇನೆ. ಮೊದಲು ಮಗುವಿನ ಪ್ರಶ್ನೆ.

ಈ ಜಿ-ಎಚ್ ಯಾರೋ ಹುಚ್ಚರು ಸುಮ್ಮನೆ ಹಾಕಿದ್ದಲ್ಲ. ಒಂದು ಕಾಲಕ್ಕೆ ಅಲ್ಲಿ ನಿಜವಾಗಿ ಒಂದು ಸದ್ದು ಇತ್ತು. ಗಂಟಲಿನ ಆಳದಿಂದ, ಕಫ ತೆಗೆಯುವ ಹಾಗೆ ಬರುವ ಹ್ ಸದ್ದು. ಹಳೆಯ ಇಂಗ್ಲಿಷಿನವರು ನೈಟ್ ಅನ್ನುತ್ತಿರಲಿಲ್ಲ, ನಿಹ್ಟ್ ಅನ್ನುತ್ತಿದ್ದರು. ಬರೆಯುವಾಗ ಬರೀ ಎಚ್ ಹಾಕುತ್ತಿದ್ದರು. 1066ರಲ್ಲಿ ಫ್ರಾನ್ಸಿನ ಕಡೆಯ ನಾರ್ಮನ್ನರು ಬಂದು ಇಂಗ್ಲೆಂಡ್ ಗೆದ್ದರು. ಅವರ ಕಾಲದ ಬರಹಗಾರರು ನಿಧಾನವಾಗಿ ಆ ಸದ್ದಿಗೆ ಜಿ-ಎಚ್ ಅಂತ ಎರಡು ಅಕ್ಷರ ಬರೆಯುವ ರೂಢಿ ತಂದರು.

ಆಮೇಲೆ ಜನರ ಬಾಯಲ್ಲಿ ಆ ಸದ್ದು ಸವೆಯಿತು. ಎಲ್ಲ ಕಡೆ ಒಂದೇ ರೀತಿ ಸವೆಯಲಿಲ್ಲ. ಕೆಲವು ಸೀಮೆಯಲ್ಲಿ ಪೂರ್ತಿ ಬಿಟ್ಟುಹೋಯಿತು. ಕೆಲವು ಕಡೆ ಫ್ ಆಯಿತು. ಅದು ಹೇಗೆ ಅಂತ ಬೇಕಾದರೆ ಮನೆಯಲ್ಲೇ ಮಾಡಿ ನೋಡಿ. ತುಟಿ ಊ ಅನ್ನುವ ಹಾಗೆ ದುಂಡಗೆ ಇಟ್ಟುಕೊಂಡು ಗಂಟಲಿನಿಂದ ಹ್ ಅನ್ನಿ. ಗಾಳಿ ತುಟಿಗೆ ತಾಗಿ ಫ್ ಅಂದ ಹಾಗೇ ಕೇಳುತ್ತದೆ. ಲಂಡನ್ನಿಗೆ ಎಲ್ಲ ಸೀಮೆಯ ಜನ ಬಂದು ಸೇರಿದರು. ಒಂದು ಪದ ಈ ಊರಿನವರ ಹಾಗೆ ನಿಂತಿತು, ಇನ್ನೊಂದು ಆ ಊರಿನವರ ಹಾಗೆ ನಿಂತಿತು. ನಮ್ಮಲ್ಲಿ ತೀರ್ಥಹಳ್ಳಿಯವರ ಮಾತಿಗೂ ಶಿಕಾರಿಪುರದವರ ಮಾತಿಗೂ ವ್ಯತ್ಯಾಸ ಇಲ್ಲವಾ, ಹಾಗೆ.

ಬಾಯಿ ಬದಲಾಗುತ್ತಿದ್ದ ಆ ಹೊತ್ತಿನಲ್ಲೇ ಅಚ್ಚಿನ ಮೊಳೆ ಬಂತು. 1476ರಲ್ಲಿ ವಿಲಿಯಂ ಕ್ಯಾಕ್ಸ್‌ಟನ್ ಇಂಗ್ಲೆಂಡಿನಲ್ಲಿ ಮೊದಲ ಮುದ್ರಣಾಲಯ ಹಾಕಿದ. ಪುಸ್ತಕ ಜಾಸ್ತಿಯಾದಂತೆ ಬರವಣಿಗೆ ಗಟ್ಟಿಯಾಯಿತು. ಬಾಯಿ ಮಾತ್ರ ಮುಂದೆ ಹೋಗುತ್ತಲೇ ಇತ್ತು. ಸ್ವರಗಳೂ ಆ ಶತಮಾನಗಳಲ್ಲೇ ತಿರುವುಮುರುವಾದವು. ಹಾಗಾಗಿ ಇವತ್ತಿನ ಮಗು ಬರೆಯುತ್ತಿರುವುದು 500 ವರ್ಷದ ಹಿಂದಿನವರ ಉಚ್ಚಾರ.

ಇದರಲ್ಲಿ ಒಂದೆರಡು ಸುಳ್ಳು ಜಿ-ಎಚ್ ಕೂಡ ಇವೆ. ಡಿಲೈಟ್ ಫ್ರೆಂಚಿನಿಂದ ಬಂದ ಪದ. ಅಲ್ಲಿ ಆ ಗಂಟಲಿನ ಸದ್ದು ಯಾವತ್ತೂ ಇರಲಿಲ್ಲ. ಲೈಟ್ ಅನ್ನುವುದರ ಪಕ್ಕ ಕೂತು ಕೂತು ಅದಕ್ಕೂ ಅಂಟಿತು.

ದುರ್ಗಿಗುಡಿ ಹುಡುಗಿ:
ಮೇಷ್ಟ್ರು ಹೇಳಿದ್ದು ನೂರಕ್ಕೆ ನೂರು ಸರಿ. ಶಿವಮೊಗ್ಗದವಳು ನಾನು, ಈಗ ಕೆಲಸಕ್ಕೆ ಜರ್ಮನಿಯಲ್ಲಿದ್ದೇನೆ. ಇಲ್ಲಿ ಆ ಸದ್ದು ಇನ್ನೂ ಬದುಕಿದೆ. ನೈಟ್‌ಗೆ ನಾಖ್ಟ್ ಅನ್ನುತ್ತಾರೆ. ಡಾಟರ್‌ಗೆ ಟೊಖ್ಟರ್. ಬ್ರಾಟ್‌ಗೆ ಬ್ರಾಖ್ಟೆ. ಇಂಗ್ಲಿಷಿನಲ್ಲಿ ಎಲ್ಲಿ ಬಾಯಿ ಬಿಡದ ಜಿ-ಎಚ್ ಇದೆಯೋ ಅಲ್ಲಿ ಇವರ ಗಂಟಲು ಕೆರೆಯುತ್ತದೆ. ಭಾಷೆ ಕಲಿಯುವಾಗ ನನಗೆ ಇದೇ ಕೀಲಿಕೈ ಆಯಿತು. ಮೊದಲ ತಿಂಗಳು ಮಾತ್ರ ಎಲ್ಲರಿಗೂ ನೆಗಡಿ ಆಗಿದೆ ಅಂದುಕೊಂಡಿದ್ದೆ.

ಗಾಜನೂರು ಗೇಟ್:
ಲಾಫ್ಟರ್ ಅಂದರೆ ನಗು. ಅದರ ಹಿಂದೆ ಒಂದು ಎಸ್ ಇಟ್ಟರೆ ಸ್ಲಾಟರ್, ಅಂದರೆ ಕಡಿಯುವುದು. ಎಸ್ ಬಂದ ತಕ್ಷಣ ಫ್ ಓಡಿಹೋಗುತ್ತದೆ. ಇದಕ್ಕೇನು ಹೇಳುತ್ತೀರಿ ಮೇಷ್ಟ್ರೇ?

ಹಳೆ ಚಾಕ್‌ಪೀಸ್:
ಕಡಿಯಲು ಬಂದವರನ್ನು ಕಂಡು ಯಾರಾದರೂ ಓಡುತ್ತಾರಪ್ಪ.

ತಾಳೆಗರಿ:
ಬಸವನಬೀದಿಯವರ ಮಾತಿಗೆ ನಾನು ಉತ್ತರ ಹೇಳಬಹುದಾ? ಮೇಷ್ಟ್ರು ಕ್ಷಮಿಸಬೇಕು.

ಹೇಳಿದ ಹಾಗೆ ಬರೆಯುತ್ತೇವೆ ಅನ್ನುವುದು ಮುಕ್ಕಾಲು ನಿಜ. ಶ ಮತ್ತು ಷ ನಮ್ಮಲ್ಲಿ ಎಷ್ಟು ಜನ ಬೇರೆ ಬೇರೆ ಹೇಳುತ್ತಾರೆ? ಋಷಿ ಅಂತ ಬರೆದು ರುಶಿ ಅಂತ ಓದುತ್ತೇವೆ. ಜ್ಞಾನಕ್ಕೆ ಗ್ನಾನ ಅನ್ನುತ್ತೇವೆ. ಫಲ ಮತ್ತು ಫೋನ್ ಎರಡಕ್ಕೂ ಒಂದೇ ಫ, ಸದ್ದು ಮಾತ್ರ ಎರಡು. ಅರ್ಕಾವೊತ್ತು ಇದೆಯಲ್ಲ, ರಕಾರವನ್ನು ಮೊದಲು ಹೇಳಿ ಕೊನೆಗೆ ಬರೆಯುತ್ತೇವೆ. ಹೊರಗಿನವರು ಕಲಿಯಲು ಬಂದರೆ ಅದಕ್ಕೇ ಅರ್ಧ ದಿನ ಬೇಕು.

ಇನ್ನು ಸತ್ತ ಸದ್ದಿನ ವಿಷಯ. ನಮಗೂ ಒಂದು ಇತ್ತು. ೞ ಅನ್ನುವ ಅಕ್ಷರ. ತಮಿಳರು, ಮಲಯಾಳಿಗಳು ಇವತ್ತಿಗೂ ಅದನ್ನು ನಾಲಿಗೆ ಸುರುಳಿ ಮಾಡಿ ಹೇಳುತ್ತಾರೆ. ಇಂಗ್ಲಿಷಿನಲ್ಲಿ ಅದಕ್ಕೆ ಜೆಡ್-ಎಚ್ ಹಾಕುತ್ತಾರೆ. ಅದು ಗೊತ್ತಿಲ್ಲದೆ ನಮ್ಮವರು ಬಸ್ ಬೋರ್ಡ್ ನೋಡಿ ಕೋಜಿಕೋಡ್ ಅನ್ನುತ್ತಾರೆ. ಹಳೆಗನ್ನಡದಲ್ಲಿ ಏಳು ಅನ್ನುವುದು ಏೞು. ಬಾಳೆ ಅನ್ನುವುದು ಬಾೞೆ. 13ನೇ ಶತಮಾನದಲ್ಲಿ ಕೇಶಿರಾಜ ವ್ಯಾಕರಣ ಬರೆಯುವಾಗ ಯಾವ ಯಾವ ಪದಕ್ಕೆ ೞ ಬರುತ್ತದೆ ಅಂತ ಪಟ್ಟಿ ಕೊಟ್ಟ. ಬಾಯಲ್ಲಿ ಚೆನ್ನಾಗಿ ಉಳಿದಿದ್ದರೆ ಪಟ್ಟಿ ಯಾಕೆ ಬೇಕು? ಸ್ಪೆಲ್ಲಿಂಗ್ ಬಾಯಿಪಾಠದ ಕಾಟ ಆಗಲೇ ಶುರುವಾಗಿತ್ತು ಅಂತ ನನಗೆ ಅನಿಸುತ್ತದೆ.

ನನಗೆ ಇದರಲ್ಲಿ ಬಹಳ ಇಷ್ಟವಾದ ಪದ ಗದ್ದೆ. ನಮ್ಮ ಮನೆ ಕೆಳಗಿರುವ ಅದೇ ಗದ್ದೆ. ಅದು ಮೊದಲು ಗೞ್ದೆ ಆಗಿತ್ತು. ೞ ಹೇಳಲು ಕಷ್ಟವಾಗಿ ಗರ್ದೆ ಆಯಿತು. ಆ ರಕಾರವೂ ಸವೆದು ಗದ್ದೆ ಆಯಿತು. ಬಾಯಿ ಬದಲಾದ ಹಾಗೆ ಬರವಣಿಗೆಯನ್ನೂ ಬದಲಿಸಿಕೊಂಡು ಬಂದೆವು. ಹಾಲು ಕೂಡ ಹಾಗೇ, ಮೊದಲು ಪಾಲ್. ಹಳ್ಳಿ ಮೊದಲು ಪಳ್ಳಿ.

ಈಗ ಅಡಿಕೆಯವರು ಹೇಳಿದ ಪ್ಲೌ ತೆಗೆದುಕೊಳ್ಳಿ. ನೇಗಿಲು. ಅದರ ಕೊನೆಗಿದ್ದ ಗಂಟಲಿನ ಸದ್ದು ಹೋಗಿ ಎಷ್ಟು ನೂರು ವರ್ಷವಾಯಿತೋ, ಅಕ್ಷರವನ್ನು ಇನ್ನೂ ಇಟ್ಟುಕೊಂಡಿದ್ದಾರೆ. ಅಮೆರಿಕದವರು ಮಾತ್ರ ಅದನ್ನು ಕಿತ್ತು ಡಬ್ಲ್ಯೂ ಹಾಕಿ ಬರೆಯುತ್ತಾರೆ. ಗದ್ದೆಯಿಂದ ನಾವು ೞ ತೆಗೆದೆವು, ನೇಗಿಲಿನಿಂದ ಇಂಗ್ಲೆಂಡಿನವರು ಜಿ-ಎಚ್ ತೆಗೆಯಲಿಲ್ಲ. ನಮ್ಮ ಮಕ್ಕಳಿಗೆ ಓದು ಸುಲಭ ಆಯಿತು. ಆದರೆ ಗದ್ದೆ ಅನ್ನುವ ಪದ ನೋಡಿ ತಮಿಳಿನ ಕೞನಿ ಇದರ ಅಕ್ಕ ಅಂತ ಯಾರಿಗೆ ಹೊಳೆಯುತ್ತದೆ? ಅವರ ಮಕ್ಕಳು ಒದ್ದಾಡುತ್ತಾರೆ. ಆದರೆ ಜರ್ಮನಿಯ ನೆಂಟರನ್ನು ಅಕ್ಷರ ನೋಡಿಯೇ ಗುರುತು ಹಿಡಿಯುತ್ತಾರೆ.

ಬಸವನಬೀದಿ:
ಸರಿ ಸಾರ್, ಚಿನ್ನ ಅಂದಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುವುದಿಲ್ಲ. 18 ಕ್ಯಾರಟ್ ಅಂತ ತಿದ್ದುತ್ತೇನೆ. ಗದ್ದೆಯ ಕಥೆ ನನಗೆ ಗೊತ್ತಿರಲಿಲ್ಲ.

ಕಂಬಳಿಕೊಪ್ಪೆ:
ಮಗಳು ಈಗ ತಾನೇ ಕಂಡುಹಿಡಿದಿದ್ದು, ಹೇಳದೇ ಇರಲಾಗಲಿಲ್ಲ. ನಮ್ಮ ಊರಿನ ಹೆಸರನ್ನು ಇಂಗ್ಲಿಷಿನಲ್ಲಿ ಬರೆದು ನೋಡಿ. ಟಿ-ಎಚ್-ಐ-ಆರ್-ಟಿ-ಎಚ್, ಆಮೇಲೆ ಎ, ಆಮೇಲೆ ಹಳ್ಳಿ. ಟಿ-ಎಚ್ ಎರಡು ಸಲ ಬಂತು. ಮೊದಲನೆಯದು ತ, ಎರಡನೆಯದು ಥ! ಒಂದೇ ಹೆಸರಿನಲ್ಲಿ ಅವೇ ಎರಡು ಅಕ್ಷರಕ್ಕೆ ಎರಡು ಸದ್ದು. ಹುಟ್ಟಿದಾಗಿನಿಂದ ಬೋರ್ಡ್ ನೋಡುತ್ತಿದ್ದೇನೆ, ಒಂದು ದಿನವೂ ತಲೆಗೆ ಬಂದಿರಲಿಲ್ಲ. ಇಂಗ್ಲಿಷಿನವರನ್ನು ಬೈದಿದ್ದು ಎಲ್ಲ ವಾಪಸ್.

ಹಳೆ ಚಾಕ್‌ಪೀಸ್:
ಶಭಾಷ್ ಮಗಳೇ! ಇದು ನಾವು ದಕ್ಷಿಣದವರು ಮಾಡಿಕೊಂಡ ಏರ್ಪಾಡು. ಬರೀ ಟಿ ಹಾಕಿದರೆ ಟ ಅಂತ ಓದುತ್ತಾರೆ ಅನ್ನುವ ಭಯ. ಅದಕ್ಕೆ ತಕಾರಕ್ಕೂ ಎಚ್ ಸೇರಿಸುತ್ತೇವೆ. ಉತ್ತರದವರು ತಕಾರಕ್ಕೆ ಟಿ ಮಾತ್ರ ಹಾಕುತ್ತಾರೆ, ಥಕಾರಕ್ಕೆ ಟಿ-ಎಚ್. ಅದಕ್ಕೇ ನಮ್ಮ ಭದ್ರಾವತಿಯನ್ನು ಅಲ್ಲಿಯವರು ಭದ್ರಾವಥಿ ಅಂತ ಓದುತ್ತಾರೆ.

ಇನ್ನು ನಿಜವಾದ ಇಂಗ್ಲಿಷಿನ ಟಿ-ಎಚ್ ನಮ್ಮ ತ ಕೂಡ ಅಲ್ಲ, ಥ ಕೂಡ ಅಲ್ಲ. ನಾಲಿಗೆಯ ತುದಿ ಹಲ್ಲಿನ ಸಂದಿಗೆ ಬಂದು ಗಾಳಿ ಬಿಡಬೇಕು. ಅದರಲ್ಲೂ ಥಿಂಕ್‌ಗೆ ಒಂದು, ದಿಸ್‌ಗೆ ಇನ್ನೊಂದು. ಅಲ್ಲಿಗೆ ಟಿ-ಎಚ್ ಅನ್ನುವ ಜೋಡಿಗೆ ಅವರದ್ದೇ ಎರಡು ಸದ್ದು, ನಮ್ಮದು ಎರಡು.

ಎರಡು ಸ್ಪೆಲ್ಲಿಂಗಿನವಳು:
ನಗುವ ವಿಷಯ ಅಲ್ಲ ಇದು. ನನ್ನ ಹೆಸರಿನಲ್ಲಿ ಒಂದು ತ ಇದೆ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಎಚ್ ಇದೆ, ಗುರುತಿನ ಚೀಟಿಯಲ್ಲಿ ಎಚ್ ಇಲ್ಲ. ಊರಿನ ಹೆಸರಿನದ್ದು ಇನ್ನೊಂದು ಕಥೆ. 2014ರ ನವೆಂಬರ್ 1ರಂದು ಸರಕಾರ 12 ಊರುಗಳ ಇಂಗ್ಲಿಷ್ ಹೆಸರನ್ನು ಕನ್ನಡದ ಹಾಗೆ ಮಾಡಿತಲ್ಲ, ಆಗ ಶಿಮೊಗ ಹೋಗಿ ಶಿವಮೊಗ್ಗ ಆಯಿತು. ಒಳ್ಳೆಯದೇ ಆಯಿತು. ಜಿ ಒಂದಿದ್ದಿದ್ದು ಎರಡಾಯಿತು, ವಿ ಮರಳಿ ಬಂತು. ಆದರೆ ನನ್ನ ಹಳೆಯ ದಾಖಲೆಯಲ್ಲಿ ಹಳೆಯ ಹೆಸರು, ಹೊಸದರಲ್ಲಿ ಹೊಸ ಹೆಸರು. ಒಂದು ಅರ್ಜಿ ಹಾಕಲು ಹೋದಾಗ ಕಿಟಕಿಯಲ್ಲಿದ್ದವರು ಎರಡನ್ನೂ ಪಕ್ಕ ಪಕ್ಕ ಇಟ್ಟು, "ಇದು ಬೇರೆ ಊರಿನ ಬೇರೆ ಹೆಂಗಸು" ಅಂದರು. ಮುಂದೆ ನಿಂತವಳು ನಾನೇ! ನೋಟರಿ ಹತ್ತಿರ ಹೋಗಿ ಎರಡೂ ನಾನೇ ಅಂತ ಪ್ರಮಾಣಪತ್ರ ಮಾಡಿಸಿಕೊಂಡು ಬಂದೆ. ಒಂದು ಎಚ್‌ಗೆ ಎರಡು ದಿನ, ಬಸ್ ಚಾರ್ಜ್ ಬೇರೆ.

ನಾಲ್ಕೆಕರೆ ತೋಟ:
ಅಕ್ಕ, ನಮ್ಮ ಮನೆಯಲ್ಲಿ ಅಪ್ಪನ ಪಹಣಿಯಲ್ಲಿ ಕನ್ನಡದಲ್ಲೇ ಎರಡು ಬಗೆ ಇದೆ. ಇಂಗ್ಲಿಷ್ ಒಂದನ್ನೇ ಬೈದು ಪ್ರಯೋಜನ ಇಲ್ಲ.

ಪದಬಂಧ ಪ್ರಿಯ:
ಮೊದಲ ಸಲ ಬೈಸಿಕೊಂಡೆ, ಈ ಸಲ ಸರಿಯಾದದ್ದು ತಂದಿದ್ದೇನೆ. ತೀರ್ಥಹಳ್ಳಿಗೆ ಇಂಗ್ಲೆಂಡಿನಲ್ಲಿ ಒಬ್ಬ ಜೊತೆಗಾರ ಊರು ಇದೆ. ಬರೆಯುವುದು ಎಲ್-ಓ-ಯು-ಜಿ-ಎಚ್, ಬಿ-ಓ-ಆರ್-ಓ-ಯು-ಜಿ-ಎಚ್. ಹೇಳುವುದು ಲಫ್‌ಬರ. 12 ಅಕ್ಷರ. ಅದರಲ್ಲಿ ನಿಮ್ಮ ನಾಲ್ಕು ಅಕ್ಷರ ಎರಡು ಸಲ, ಅಂದರೆ 8 ಅಕ್ಷರ ಅವೇ! ಮೊದಲನೆಯದು ಅಫ್, ಎರಡನೆಯದು ಅ. ಗೊತ್ತಿಲ್ಲದವರು ಲೂಗಬರೂಗ ಅಂತ ಓದಿ ನಗೆಪಾಟಲಾಗುತ್ತಾರೆ.

ಆ ಬರ ಅನ್ನುವುದು ಹಳೆಯ ಬುರ್ಹ್, ಅಂದರೆ ಕೋಟೆ. ಪೀಟರ್‌ಬರ, ಸ್ಕಾರ್ಬರ, ಮಿಡಲ್ಸ್‌ಬರ ಎಲ್ಲ ಅದೇ. ನಮ್ಮಲ್ಲಿ ಊರಿನ ಬಾಲಕ್ಕೆ ಕೋಟೆ, ದುರ್ಗ ಬಂದ ಹಾಗೆ. ಮಿಡಲ್ಸ್‌ಬರದ್ದು 13 ಅಕ್ಷರ.

ಗಾಜನೂರು ಗೇಟ್:
ಊರಿನ ಹೆಸರು ಲೆಕ್ಕಕ್ಕೆ ಬಂದರೆ ಆಟವೇ ಹಾಳು. ಆದರೆ ಇದು ಚೆನ್ನಾಗಿದೆ, ಒಪ್ಪಿದೆ. ಎದ್ದು ನಿಲ್ಲಿ ಈಗ.

ಎರಡು ಸ್ಪೆಲ್ಲಿಂಗಿನವಳು:
ಕರೆಂಟ್ ಇನ್ನೂ ಬಾರದಿದ್ದರೆ ಮುಂದಿನ ಸುತ್ತಿಗೆ ಒಂದು ಗುಂಪು ಕೊಡುತ್ತೇನೆ. ಎಚ್-ಎಚ್. ಎರಡು ಎಚ್ ಪಕ್ಕ ಪಕ್ಕ. ನನಗೆ ಒಂದು ಎಚ್ ಕೊಟ್ಟ ಕಾಟಕ್ಕೆ ಸೇಡು.

ಹಳೆ ಚಾಕ್‌ಪೀಸ್:
ವಿತ್‌ಹೋಲ್ಡ್ ಇದೆ. ದಾರಿಯಲ್ಲಿ ಗಾಡಿಗೆ ಕೈ ಅಡ್ಡ ಹಿಡಿದು ಹೋಗುವವನಿಗೆ ಹಿಚ್‌ಹೈಕರ್ ಅನ್ನುತ್ತಾರೆ, ಅದರಲ್ಲೂ ಇದೆ. ಎರಡು ಪದ ಸೇರಿದ ಕಡೆಯೇ ಸಿಗುವುದು, ಹೊಲಿಗೆ ಹಾಕಿದ ಜಾಗದಲ್ಲಿ. ಮಕ್ಕಳು ಮನೆಯೊಳಗೆ ಕುಸ್ತಿ ಆಡಿ ಗದ್ದಲ ಮಾಡುವುದಕ್ಕೆ ರಫ್‌ಹೌಸಿಂಗ್ ಅಂತ ಒಂದು ಪದ ಇದೆ. ಅದರಲ್ಲಿ ಓ-ಯು-ಜಿ-ಎಚ್ ಕೂಡ ಬಂತು, ಅದರ ಬೆನ್ನಿಗೇ ಇನ್ನೊಂದು ಎಚ್ ಕೂಡ ಬಂತು. ಮಳೆರಜೆಗೆ ಹೇಳಿ ಮಾಡಿಸಿದ ಪದ.

ಅಡಿಕೆ ಸುಲಿಯುವವ:
ಬುಕ್‌ಕೀಪರ್ ಅಂತ ಒಂದಿದೆ. ಮಂಡಿಯಲ್ಲಿ ಲೆಕ್ಕ ಬರೆಯುವವರು. ಓ ಎರಡು, ಕೆ ಎರಡು, ಇ ಎರಡು, ಒಂದರ ಹಿಂದೆ ಒಂದು. ಎಲ್ಲ ಎರಡೆರಡು ಸಲ ಬರೆಯುವುದು ಅವರ ಅಭ್ಯಾಸ ಅಂತ ನಮ್ಮ ಅಪ್ಪ ಹೇಳುತ್ತಿದ್ದರು, ಸಾಲವನ್ನೂ ಸೇರಿಸಿ.

ತಾಳೆಗರಿ:
ಕ್ಯಾಚ್‌ಫ್ರೇಸ್ ಅನ್ನುವುದರಲ್ಲಿ 6 ವ್ಯಂಜನದ ಅಕ್ಷರ ಸಾಲಾಗಿ ಬರುತ್ತವೆ. ಟಿ-ಸಿ-ಎಚ್-ಪಿ-ಎಚ್-ಆರ್. ಆದರೆ ಸದ್ದು ಲೆಕ್ಕ ಹಾಕಿದರೆ ಮೂರೇ, ಚ್-ಫ್-ರ್. ನಾವು ಸಂಸ್ಕೃತದಿಂದ ತಂದುಕೊಂಡ ಕಾರ್ತ್ಸ್ನ್ಯ ಅನ್ನುವ ಪದ ನೋಡಿ. ಪೂರ್ತಿಯಾಗಿ ಇರುವುದು ಅಂತ ಅರ್ಥ. ರ್-ತ್-ಸ್-ನ್-ಯ್, 5 ವ್ಯಂಜನ, ಐದನ್ನೂ ಹೇಳಲೇಬೇಕು. ಒಂದರ ಕೆಳಗೆ ಒಂದು ಒತ್ತು ಹಾಕಿ ಬರೆದರೆ ಬಾವಿಗೆ ಇಳಿದ ಹಾಗೆ ಕಾಣುತ್ತದೆ.

ನಾಲ್ಕೆಕರೆ ತೋಟ:
ಉದ್ದ ಅಂದರೆ ಕನ್ನಡದ ಮುಂದೆ ಇಂಗ್ಲಿಷ್ ಏನೂ ಅಲ್ಲ. "ಹೇಳಿಕೊಳ್ಳಲಾಗದಿದ್ದುದರಿಂದಲೇ" ಅನ್ನುವುದು ಒಂದೇ ಪದ. ಅದನ್ನೇ ಇಂಗ್ಲಿಷಿನಲ್ಲಿ ಹೇಳಲು ಹೋದರೆ ಒಂದು ಸಾಲು ಬೇಕು. ಮಾವನವರ ಥಿಕ್ ಅಂಡ್ ಥಿನ್‌ಗಿಂತ ಉದ್ದ ಆಗುತ್ತದೆ.

ಗಾಜನೂರು ಗೇಟ್:
ಅಂದ ಹಾಗೆ ಹಪ್ಪಳ ಯಾರಿಗೆ ಅಂತ ತೀರ್ಮಾನ ಆಯಿತಾ?

ಕಂಬಳಿಕೊಪ್ಪೆ:
ಈಗಷ್ಟೇ ಕರೆಂಟ್ ಬಂತು. ಇವತ್ತಿನ ಮಟ್ಟಿಗೆ ಆಟ ಮುಗಿಯಿತು.

ಮೇಷ್ಟ್ರ ಮಾತನ್ನು ಜೋರಾಗಿ ಓದಿ ಹೇಳಿದೆ. 16 ಅಕ್ಷರದ ಪದ ನಿಘಂಟಿನಲ್ಲಿದ್ದರೂ ಜನ ಆಡುವ ಪದ 15ರದ್ದೇ, ಆದ್ದರಿಂದ ಮಗಳೇ ಗೆದ್ದಳು ಅಂತ ತೀರ್ಮಾನ. ಮಾವ ಒಪ್ಪಿದರು. ಆದರೆ ಜೊತೆಗೇ ಓಡಾಡುವ ಮಾತಿಗೆ ಬೇರೆ ಪಂದ್ಯ ಇಡಬೇಕಂತೆ, ಬೇರೆ ಬಹುಮಾನದೊಂದಿಗೆ. ಅತ್ತೆ ಒಲೆಗೆ ಕೆಂಡ ಎಳೆದು ಕೂತರು. ಈ ಥಂಡಿಗೆ ಹಪ್ಪಳ ಮೆತ್ತಗಾಗಿರುತ್ತದೆ, ಸುಟ್ಟೇ ತಿನ್ನಬೇಕು.

ಡಬ್ಬಿ ತೆಗೆದರೆ 6 ಇರಬೇಕಾದ ಕಡೆ 4 ಇದೆ.

ಮೈದುನ ಜೀಪ್ ತೊಳೆಯಬೇಕು ಅಂತ ಹೊರಗೆ ಹೋಗಿದ್ದಾನೆ. ಈ ಮಳೆಯಲ್ಲಿ.